ಟೈಮಿಂಗ್ ಬೆಲ್ಟ್ ಕಟ್ ಆಗಿ ಕಾರು ಸ್ಟಾರ್ಟ್ ಆಗುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಓಡುತ್ತಿದ್ದ ಕಾರು ತಟ್ಟನೆ ನಿಂತಿದೆ. ಸೆಲ್ಫ್ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಯಾರೋ ಬಂದು ನೋಡಿ "ಟೈಮಿಂಗ್ ಬೆಲ್ಟ್ ಹೋಗಿದೆ, ಎಂಜಿನ್ ಇಳಿಸಬೇಕು" ಎಂದಿದ್ದಾರೆ. ಆ ಮಾತು ಕೇಳಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಬೆಲ್ಟ್ ಹೋದ ಎಂಜಿನ್‌ಗಳೆಲ್ಲ ಹಾಳಾಗಿರುವುದಿಲ್ಲ. ಹಾಳಾಗಿದೆಯೋ ಇಲ್ಲವೋ ಅನ್ನುವುದನ್ನು ಹೆಡ್ (ಎಂಜಿನ್‌ನ ಮೇಲ್ಭಾಗ) ಬಿಚ್ಚುವ ಮೊದಲೇ ತಿಳಿದುಕೊಳ್ಳಬಹುದು. ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಬೇಕು. ಅಲ್ಲಿಯವರೆಗೆ ನೀವು ಮಾಡಬೇಕಾದ ಕೆಲಸ ಒಂದೇ: ಅನುಮಾನ ಬಂದ ಕ್ಷಣದಿಂದ ಕೀ ಮುಟ್ಟಬೇಡಿ.

ಟೈಮಿಂಗ್ ಬೆಲ್ಟ್ ಮಾಡುವ ಕೆಲಸವಾದರೂ ಏನು?

ಎಂಜಿನ್‌ನ ಕೆಳಗೆ ಕ್ರ್ಯಾಂಕ್ ಇದೆ, ಅದು ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೇಲೆ ಹೆಡ್ ಒಳಗೆ ಕ್ಯಾಮ್ ಇದೆ, ಅದು ವಾಲ್ವ್‌ಗಳನ್ನು, ಅಂದರೆ ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳನ್ನು, ತೆರೆದು ಮುಚ್ಚುತ್ತದೆ. ಎರಡೂ ತಾಳ ತಪ್ಪದೆ ತಿರುಗಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಸರಿಯಾಗಿ ಒಂದು ಸುತ್ತು. ಆ ತಾಳ ಹಿಡಿದಿರುವುದೇ ಹಲ್ಲುಗಳಿರುವ ಈ ರಬ್ಬರ್ ಬೆಲ್ಟ್. ಮೇಲಿನ ಪುಲ್ಲಿಯ (ಬೆಲ್ಟ್ ಕೂರುವ ಚಕ್ರದ) ಹಲ್ಲು ಎಣಿಸಿ ನೋಡಿ, ಕೆಳಗಿನದರ ಎರಡರಷ್ಟು ಇರುತ್ತದೆ.

ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಅಷ್ಟು ಸಲವೂ ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ದಾರಿ ಬಿಟ್ಟಿರಬೇಕು. ಬೆಲ್ಟ್ ರಬ್ಬರ್ ಅಂತ ಹಗುರವಾಗಿ ನೋಡಬೇಡಿ. ಒಳಗೆ ಗಾಜಿನ ನಾರಿನ ಎಳೆಗಳಿವೆ, ಎಳೆತವನ್ನೆಲ್ಲ ತಡೆಯುವುದು ಅವೇ. ಮೊದಲು ಈ ಕೆಲಸಕ್ಕೆ ಚೈನ್ ಅಥವಾ ಗೇರ್ ಇರುತ್ತಿತ್ತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಕಾರಿನಲ್ಲಿ ಹಲ್ಲಿನ ಬೆಲ್ಟ್ ಬಂದದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ (Glas) ಎಂಬ ಕಾರು ಕಂಪನಿಯ 1004 ಮಾದರಿಯಲ್ಲಿ.

ನನ್ನ ಕಾರಿನಲ್ಲಿರುವುದು ಬೆಲ್ಟೋ ಚೈನೋ?

ಕಾರಿನ ಜೊತೆ ಬಂದ ಪುಸ್ತಕದಲ್ಲಿ ಸರ್ವಿಸ್ ಪಟ್ಟಿ ನೋಡಿ. ಟೈಮಿಂಗ್ ಬೆಲ್ಟ್ ಬದಲಿಸುವ ಸಾಲು ಇದ್ದರೆ ಬೆಲ್ಟ್ ಎಂಜಿನ್. ಎಂಜಿನ್‌ನ ಪಕ್ಕದಲ್ಲಿ ಕ್ಲಿಪ್ ಅಥವಾ ಸಣ್ಣ ಬೋಲ್ಟ್‌ಗಳಿಂದ ಕೂತಿರುವ ಪ್ಲಾಸ್ಟಿಕ್ ಕವರ್ ಕಂಡರೆ ಸಾಮಾನ್ಯವಾಗಿ ಅದರೊಳಗೆ ಬೆಲ್ಟ್ ಇರುತ್ತದೆ. ಹೊರಗೆ ಕಣ್ಣಿಗೆ ಕಾಣುವ, ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಬೇರೆ. ಅದು ಕಟ್ ಆದರೆ ಬ್ಯಾಟರಿ ದೀಪ ಹತ್ತುತ್ತದೆ, ಎಂಜಿನ್ ತಕ್ಷಣ ನಿಲ್ಲುವುದಿಲ್ಲ.

ಹೋಗಿರುವುದು ಬೆಲ್ಟೇ ಎಂದು ಶಬ್ದದಿಂದ ಗೊತ್ತಾಗುತ್ತದಾ?

ಬಹಳ ಸಲ ಗೊತ್ತಾಗುತ್ತದೆ. ನಿಮ್ಮ ಕಿವಿಗೆ ಕಾರಿನ ಹಳೆಯ ಶಬ್ದ ನೆನಪಿದೆ, ಅದೇ ದೊಡ್ಡ ಸಾಧನ.

ಆರೋಗ್ಯವಾಗಿರುವ ಎಂಜಿನ್‌ಗೆ ಸೆಲ್ಫ್ ಹೊಡೆದರೆ "ರ್ರ್‌... ರ್ರ್‌... ರ್ರ್‌..." ಎಂದು ಏರಿಳಿತ ಇರುತ್ತದೆ. ಒಂದೊಂದು ಸಿಲಿಂಡರ್ ಗಾಳಿಯನ್ನು ಒತ್ತುವಾಗಲೂ ಸ್ಟಾರ್ಟರ್ ಮೋಟಾರ್ ಸ್ವಲ್ಪ ತಿಣುಕುತ್ತದೆ. ಬೆಲ್ಟ್ ಹೋದ ಮೇಲೆ ಆ ತಿಣುಕಾಟ ಇರುವುದಿಲ್ಲ. "ಗಿರ್ರ್‌ರ್" ಎಂದು ಒಂದೇ ಸಮನೆ, ಮೊದಲಿಗಿಂತ ಜೋರಾಗಿ ತಿರುಗುತ್ತದೆ. ಸೈಕಲ್ ಚೈನ್ ಕಳಚಿದಾಗ ಪೆಡಲ್ ಹೇಗೆ ಸುಮ್ನೆ ತಿರುಗುತ್ತದೋ ಹಾಗೆ. ಕ್ಯಾಮ್ ನಿಂತುಬಿಟ್ಟಿದೆ, ಕೆಲವು ವಾಲ್ವ್‌ಗಳು ತೆರೆದೇ ಉಳಿದಿವೆ, ಅಲ್ಲಿ ಗಾಳಿ ಒತ್ತುವ ಕೆಲಸವೇ ನಡೆಯುತ್ತಿಲ್ಲ.

ಕಾರು ನಿಂತ ರೀತಿಯನ್ನೂ ನೆನಪಿಸಿಕೊಳ್ಳಿ. ಪೆಟ್ರೋಲ್ ಮುಗಿದರೆ ಅಥವಾ ಪಂಪ್ ಕೈಕೊಟ್ಟರೆ ಕಾರು ಸಾಮಾನ್ಯವಾಗಿ ಒಂದಿಷ್ಟು ಜಗ್ಗಿ, ಮುಗ್ಗರಿಸಿ ನಿಲ್ಲುತ್ತದೆ. ಬೆಲ್ಟ್ ಕಟ್ ಆದರೆ ಸ್ವಿಚ್ ಆರಿಸಿದ ಹಾಗೆ ಒಂದೇ ಏಟಿಗೆ ನಿಲ್ಲುತ್ತದೆ. ಕೆಲವರಿಗೆ ಆ ಕ್ಷಣದಲ್ಲಿ ಬಾನೆಟ್ ಒಳಗಿಂದ "ಟಪ್" ಎಂದೋ "ಟಕ ಟಕ" ಎಂದೋ ಕೇಳಿರುತ್ತದೆ. ಮೆಕ್ಯಾನಿಕ್‌ಗೆ ಈ ವಿವರ ತಪ್ಪದೆ ಹೇಳಿ.

ಹಾಗಂತ ಶಬ್ದ ಒಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಪೆಟ್ರೋಲ್ ಕಾರನ್ನು ಸ್ಟಾರ್ಟ್ ಮಾಡಿ ಎರಡೇ ಅಡಿ ಸರಿಸಿ ಆಫ್ ಮಾಡಿದಾಗಲೂ ಕೆಲವೊಮ್ಮೆ ಹೀಗೇ ಆಗುತ್ತದೆ. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಬಿಡುತ್ತದೆ, ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತಿದಾಗ ಏಳುವ ಒತ್ತಡ) ಬೀಳುತ್ತದೆ, ಮರುದಿನ ಸೆಲ್ಫ್ ಹಗುರವಾಗಿ ತಿರುಗುತ್ತದೆ. ಅಲ್ಲಿ ಬೆಲ್ಟ್ ಚೆನ್ನಾಗಿಯೇ ಇರುತ್ತದೆ. ಓಡುವಾಗ ನಿಂತ ಕಾರಿಗೂ ನಿಲ್ಲಿಸಿದಲ್ಲೇ ಸ್ಟಾರ್ಟ್ ಆಗದ ಕಾರಿಗೂ ಈ ವ್ಯತ್ಯಾಸ ಮುಖ್ಯ.

ಓಡುವಾಗಲೇ ಕಟ್ ಆದರೆ ಏನು ಮಾಡಬೇಕು?

ಗಾಬರಿ ಬೇಡ, ಕಾರು ಉರುಳುತ್ತಿರುವಾಗಲೇ ರಸ್ತೆಯ ಪಕ್ಕಕ್ಕೆ ತನ್ನಿ. ಮ್ಯಾನುಯಲ್ ಕಾರಾದರೆ ಕೂಡಲೇ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ. ಗೇರ್‌ನಲ್ಲಿದ್ದರೆ ಚಕ್ರಗಳೇ ಕ್ರ್ಯಾಂಕನ್ನು ತಿರುಗಿಸುತ್ತಲೇ ಇರುತ್ತವೆ. ಸ್ಟಿಯರಿಂಗ್ ಭಾರವಾಗಬಹುದು. ಬ್ರೇಕ್‌ನ ನೆರವು ಒಂದೆರಡು ಒತ್ತಿಗೆ ಮಾತ್ರ ಉಳಿದಿರುತ್ತದೆ, ಆಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಹಾಗಾಗಿ ಬಿಟ್ಟು ಬಿಟ್ಟು ಒತ್ತದೆ ಒಂದೇ ಸಲ ಹಿಡಿದು ನಿಲ್ಲಿಸಿ.

ಇನ್ನೊಂದೇ ಸಲ ಸೆಲ್ಫ್ ಹೊಡೆದು ನೋಡಲಾ?

ಬೇಡ. ಕ್ಯಾಮ್ ನಿಂತಿದೆ, ಕ್ರ್ಯಾಂಕ್ ತಿರುಗುತ್ತದೆ. ತೆರೆದುಕೊಂಡೇ ಉಳಿದ ವಾಲ್ವ್‌ಗೆ ಪಿಸ್ಟನ್ ಕೆಳಗಿಂದ ಬಂದು ಗುದ್ದಬಹುದು. ಬೆಲ್ಟ್ ಕಟ್ ಆದ ಕ್ಷಣದಲ್ಲಿ ತಪ್ಪಿಸಿಕೊಂಡ ವಾಲ್ವ್ ಸೆಲ್ಫ್ ಹೊಡೆದಾಗ ಬಾಗಿಬಿಡಬಹುದು. ಬೆಲ್ಟ್ ಹಲ್ಲು ಜಿಗಿದು ಇನ್ನೂ ಪುಲ್ಲಿಯ ಮೇಲೇ ಇದ್ದರೆ ಮತ್ತಷ್ಟು ಹಲ್ಲು ಜಿಗಿಯಬಹುದು. ತಳ್ಳಿ ಸ್ಟಾರ್ಟ್ ಮಾಡುವುದು, ಹಗ್ಗ ಕಟ್ಟಿ ಎಳೆದು ಗೇರ್ ಬಿಡುವುದು ಇನ್ನೂ ಕೆಟ್ಟದ್ದು. ಸೆಲ್ಫ್‌ಗಿಂತ ಜಾಸ್ತಿ ಬಲ ಅಲ್ಲಿ ಬೀಳುತ್ತದೆ. ಟೋ ಮಾಡಿಸಿದರೂ ನ್ಯೂಟ್ರಲ್‌ನಲ್ಲೇ ಮಾಡಿಸಿ. ಆಟೊಮ್ಯಾಟಿಕ್ ಕಾರಾದರೆ ಗಾಡಿಯ ಮೇಲೆ ಹೇರಿಕೊಂಡು ಹೋಗುವುದೇ ಸರಿ.

ಬೆಲ್ಟನ್ನು ಕಣ್ಣಿಂದ ನೋಡುವುದು ಹೇಗೆ?

ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆಯಿರಿ. ಕೈ ಒಳಗಿರುವಾಗ ಯಾರೂ ಕೀ ತಿರುಗಿಸಬಾರದು, ಫ್ಯಾನ್ ತಾನೇ ಓಡಬಾರದು. ಹ್ಯಾಂಡ್ ಬ್ರೇಕ್ ಎಳೆದು ಗೇರ್ ನ್ಯೂಟ್ರಲ್‌ಗೆ ಹಾಕಿ.

ಬೆಲ್ಟ್ ಕವರ್ ಬಹಳ ಎಂಜಿನ್‌ಗಳಲ್ಲಿ ಮೇಲೊಂದು, ಕೆಳಗೊಂದು ತುಂಡಾಗಿರುತ್ತದೆ. ಮೇಲಿನದು ಕೆಲವು ಕ್ಲಿಪ್ ಅಥವಾ 10ರ ಬೋಲ್ಟ್‌ಗಳಲ್ಲಿ ಕೂತಿರುತ್ತದೆ. ತೆಗೆದು ಟಾರ್ಚ್ ಬಿಡಿ. ಬೆಲ್ಟ್ ಇಲ್ಲವೇ ಇಲ್ಲ, ಅಥವಾ ಸಡಿಲವಾಗಿ ಜೋತಾಡುತ್ತಿದೆ ಎಂದರೆ ಉತ್ತರ ಸಿಕ್ಕಿತು.

ಬೆಲ್ಟ್ ಇದೆ ಎಂದಾದರೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ. ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟ್‌ಗೆ ಸಾಕೆಟ್ ಹಾಕಿ ಕೈಯಿಂದ ನಿಧಾನವಾಗಿ, ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಪುಲ್ಲಿಯ ಎದುರು ನಿಂತು ನೋಡಿದರೆ ಹೆಚ್ಚಿನ ಎಂಜಿನ್‌ಗಳಿಗೆ ಅದು ಗಡಿಯಾರದ ಮುಳ್ಳಿನ ದಿಕ್ಕು. ಹೋಂಡಾದ ಕೆಲವು ಹಳೆಯ ಎಂಜಿನ್‌ಗಳು ಮಾತ್ರ ಉಲ್ಟಾ ತಿರುಗುತ್ತವೆ. ಕೆಳಗೆ ತಿರುಗಿಸಿದಾಗ ಮೇಲಿನ ಪುಲ್ಲಿ ತಿರುಗುತ್ತಿದೆಯಾ ಎಂದು ಇನ್ನೊಬ್ಬರು ನೋಡಲಿ. ಗಟ್ಟಿಯಾಗಿ ಎಲ್ಲೋ ತಾಗಿದಂತೆ ಅನಿಸಿದರೆ ಅಲ್ಲೇ ನಿಲ್ಲಿಸಿ. ಬಲ ಹಾಕಬೇಡಿ.

ಕವರ್ ತೆಗೆಯಲು ಜಾಗವೇ ಇಲ್ಲದಿದ್ದರೆ ಆಯಿಲ್ ಹಾಕುವ ಮುಚ್ಚಳ ತೆರೆದು ಒಳಗೆ ಟಾರ್ಚ್ ಬಿಡಿ. ಕೆಲವು ಎಂಜಿನ್‌ಗಳಲ್ಲಿ ಕ್ಯಾಮ್ ಅಥವಾ ರಾಕರ್ (ಕ್ಯಾಮ್ ಒತ್ತಿದಾಗ ವಾಲ್ವನ್ನು ತಳ್ಳುವ ತೋಳು) ಅಲ್ಲಿಂದಲೇ ಕಾಣುತ್ತದೆ.

ಬೆಲ್ಟ್ ಇದೆ, ಬಿಗಿಯಾಗಿಯೂ ಕಾಣುತ್ತಿದೆ. ಹಾಗಾದರೆ ಬೆಲ್ಟ್ ತೊಂದರೆ ಅಲ್ಲ ಅಲ್ವಾ?

ಇಲ್ಲೇ ಬಹಳ ಜನ ದಾರಿ ತಪ್ಪುತ್ತಾರೆ. ನಾನೂ ಒಮ್ಮೆ ತಪ್ಪಿದ್ದೇನೆ. ಮೇಲಿನ ಕವರ್ ತೆಗೆದು ನೋಡಿದೆ. ಬೆಲ್ಟ್ ಅಚ್ಚುಕಟ್ಟಾಗಿ ಕೂತಿತ್ತು, ಬೆನ್ನಿನ ಮೇಲೆ ಅಚ್ಚಾದ ಅಕ್ಷರಗಳೂ ಓದಲು ಬರುತ್ತಿದ್ದವು. ಬೆಲ್ಟ್ ಚೆನ್ನಾಗಿದೆ ಎಂದುಕೊಂಡು ಅರ್ಧ ದಿನ ಪೆಟ್ರೋಲ್ ಪಂಪ್, ಫ್ಯೂಸ್, ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಅಂತ ಹುಡುಕಿದೆ. ಕೊನೆಗೆ ಕೆಳಗಿನ ಕವರ್ ಬಿಚ್ಚಿದಾಗ ಕಪ್ಪು ರಬ್ಬರ್ ಚೂರುಗಳು ಅಂಗೈಗೆ ಉದುರಿದವು. ಒಂದೊಂದೂ ಬೆರಳಿನ ಉಗುರಿಗಿಂತ ಚಿಕ್ಕದು, ಅಂಚು ನುಣುಪು. ಬೆಲ್ಟ್‌ನ ಹಲ್ಲುಗಳು ಅವು! ಕ್ರ್ಯಾಂಕ್ ಪುಲ್ಲಿ ಕೂತಿದ್ದ ಜಾಗದಲ್ಲಿ ಬೆಲ್ಟ್ ಒಂದೂ ಹಲ್ಲಿಲ್ಲದೆ ಬೋಳಾಗಿತ್ತು. ಕ್ರ್ಯಾಂಕ್ ಅದರೊಳಗೆ ಸುಮ್ನೆ ಜಾರುತ್ತಿತ್ತು.

ಜಾಸ್ತಿ ಬಲ ಬೀಳುವುದು ಹಲ್ಲು ಕಡಿಮೆ ಇರುವ ಕೆಳಗಿನ ಪುಲ್ಲಿಯ ಹತ್ತಿರ. ಹಲ್ಲು ಕಿತ್ತುಬರುವುದೂ ಅಲ್ಲೇ. ಅದಕ್ಕೇ ಬೆಲ್ಟ್ ಇದೆಯಾ ಎಂದು ನೋಡುವುದಕ್ಕಿಂತ ಕ್ಯಾಮ್ ತಿರುಗುತ್ತಿದೆಯಾ ಎಂದು ನೋಡಿ. ಅಂದಿನಿಂದ ನಾನು ಇದನ್ನೇ ಮೊದಲು ನೋಡುತ್ತೇನೆ.

ಕ್ಯಾಮ್ ತಿರುಗುತ್ತಿದೆ, ಆದರೂ ಸ್ಟಾರ್ಟ್ ಆಗುತ್ತಿಲ್ಲ. ಹಲ್ಲು ಜಿಗಿದಿರಬಹುದಾ?

ಆಗಿರಬಹುದು. ಕ್ರ್ಯಾಂಕ್ ಪುಲ್ಲಿಯಲ್ಲಿ 20 ಹಲ್ಲುಗಳಿವೆ ಎಂದುಕೊಳ್ಳಿ. ಒಂದು ಹಲ್ಲು ಜಿಗಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ಟೈಮಿಂಗ್ ಔಟ್ ಆಗುತ್ತದೆ. ಒಂದು ಹಲ್ಲಿಗೆ ಎಂಜಿನ್ ಸಾಮಾನ್ಯವಾಗಿ ಸ್ಟಾರ್ಟ್ ಆಗುತ್ತದೆ, ಆದರೆ ಎಳೆತ ಇರುವುದಿಲ್ಲ, ಐಡಲ್ ನಡುಗುತ್ತದೆ. ಎರಡು ಮೂರು ಹಲ್ಲಾದರೆ ಸ್ಟಾರ್ಟ್ ಆಗುವುದೇ ಕಷ್ಟ. ಗಾಳಿ ಒಳಗೆ ಎಳೆಯುವ ಕಡೆಯಿಂದ "ಫಟ್" ಎಂದು ಕೆಮ್ಮಬಹುದು.

ಪುಲ್ಲಿಗಳ ಮೇಲಿನ ಟೈಮಿಂಗ್ ಗುರುತುಗಳನ್ನು ಹೊಂದಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ. ಗುರುತು ಸರಿ ಇದ್ದೂ ಟೈಮಿಂಗ್ ತಪ್ಪಿದೆ ಎನಿಸಿದರೆ ಕ್ರ್ಯಾಂಕ್ ಮೇಲೆ ಪುಲ್ಲಿ ಜಾರದಂತೆ ಹಿಡಿದಿರುವ ಕೀ ನೋಡಿ. ನಡುವಿನ ಬೋಲ್ಟ್ ಸಡಿಲವಾಗಿ ಓಡಿದ್ದರೆ ಆ ಪುಟ್ಟ ಲೋಹದ ತುಂಡು ಸವೆದು ಪುಲ್ಲಿಯೇ ಜಾರಿರುತ್ತದೆ.

ಸ್ಕ್ಯಾನರ್ ಹಾಕಿದರೆ ಸೆನ್ಸರ್ ಕೋಡ್ ಬರುತ್ತಿದೆ. ಸೆನ್ಸರ್ ಬದಲಿಸಲಾ?

ತಡೆಯಿರಿ. ಕ್ಯಾಮ್ ನಿಂತಿದ್ದರೆ ಕ್ಯಾಮ್ ಸೆನ್ಸರ್‌ನಿಂದ ಸಂಕೇತ ಬರುವುದಿಲ್ಲ. ಕಂಪ್ಯೂಟರ್ ಪಿ0340 ಕೋಡ್ ಬರೆದುಕೊಳ್ಳುತ್ತದೆ. ಅದು ಕ್ಯಾಮ್ ಸೆನ್ಸರ್ ಸರ್ಕ್ಯೂಟ್‌ನ ಕೋಡ್. ಸೆನ್ಸರ್ ಚೆನ್ನಾಗಿಯೇ ಇರುತ್ತದೆ, ಅದರ ಮುಂದೆ ತಿರುಗಬೇಕಾದ ಕ್ಯಾಮ್ ನಿಂತಿರುತ್ತದೆ. ಹಲ್ಲು ಜಿಗಿದಿದ್ದರೆ ಪಿ0016 ಬರಬಹುದು, ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದಾಣಿಕೆ ಇಲ್ಲ ಎಂದು ಅದರ ಅರ್ಥ. ಪಿ0335 ಮಾತ್ರ ಬಂದರೆ ಕ್ರ್ಯಾಂಕ್ ಸೆನ್ಸರ್ ಕಡೆ ನೋಡಿ, ಅದು ಕೈಕೊಟ್ಟರೂ ಓಡುವ ಕಾರು ತಟ್ಟನೆ ನಿಲ್ಲುತ್ತದೆ. ಆಗ ಸೆಲ್ಫ್ ಶಬ್ದದಲ್ಲಿ ಮಾಮೂಲಿ ಏರಿಳಿತ ಇರುತ್ತದೆ.

ಇನ್ನೊಂದು ಮಾತು. ಕ್ಯಾಮ್ ಸಂಕೇತ ಇಲ್ಲದಿದ್ದರೆ ಕೆಲವು ಕಾರುಗಳು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಚಿಮ್ಮಿಸುವುದಿಲ್ಲ. "ಸ್ಪಾರ್ಕ್ ಬರುತ್ತಿಲ್ಲ, ಕಾಯಿಲ್ ಹೋಗಿದೆ" ಎಂದು ಕಾಯಿಲ್ ಬದಲಿಸುವ ಮೊದಲು ಕ್ಯಾಮ್ ತಿರುಗುತ್ತಿದೆಯಾ ಎಂದು ನೋಡಲು ಹೇಳಿ.

ಕೆಲವರ ಎಂಜಿನ್ ಉಳಿಯುತ್ತದೆ, ಕೆಲವರದು ಉಳಿಯುವುದಿಲ್ಲ. ಯಾಕೆ?

ಎಂಜಿನ್ ವಿನ್ಯಾಸದಲ್ಲೇ ಎರಡು ಜಾತಿ. ಒಂದರಲ್ಲಿ ವಾಲ್ವ್ ಪೂರ್ತಿ ತೆರೆದು ಕೆಳಗಿಳಿದು ನಿಂತಿದ್ದರೂ, ಪಿಸ್ಟನ್ ಪೂರ್ತಿ ಮೇಲೆ ಬಂದರೂ ನಡುವೆ ಜಾಗ ಉಳಿಯುತ್ತದೆ. ಬೆಲ್ಟ್ ಕಟ್ ಆದರೆ ಕಾರು ನಿಲ್ಲುತ್ತದೆ, ಅಷ್ಟೇ. ಹೊಸ ಬೆಲ್ಟ್ ಹಾಕಿದರೆ ಓಡುತ್ತದೆ. ಇದು ನಾನ್‌-ಇಂಟರ್‌ಫಿಯರೆನ್ಸ್ ಎಂಜಿನ್. ಇನ್ನೊಂದರಲ್ಲಿ ಒಂದೇ ಜಾಗವನ್ನು ವಾಲ್ವ್ ಮತ್ತು ಪಿಸ್ಟನ್ ಸರದಿಯ ಮೇಲೆ ಬಳಸುತ್ತವೆ. ಸರದಿ ತಪ್ಪಿದರೆ ಡಿಕ್ಕಿ. ಇದು ಇಂಟರ್‌ಫಿಯರೆನ್ಸ್ ಎಂಜಿನ್. ಕಂಪ್ರೆಷನ್ ಜಾಸ್ತಿ ಬೇಕು, ವಾಲ್ವ್ ಜಾಸ್ತಿ ತೆರೆಯಬೇಕು ಎಂದಾಗ ಎಂಜಿನ್ ಹೀಗೇ ಆಗುತ್ತದೆ. ಈಗಿನ ಬಹುಪಾಲು ಎಂಜಿನ್‌ಗಳು ಇದೇ ಜಾತಿಯವು.

ಇಂಟರ್‌ಫಿಯರೆನ್ಸ್ ಎಂದ ಮಾತ್ರಕ್ಕೆ ವಾಲ್ವ್ ಬಾಗಲೇಬೇಕು ಎಂದೇನಿಲ್ಲ. ಐಡಲ್‌ನಲ್ಲಿ ನಿಂತಿದ್ದಾಗಲೋ ಸೆಲ್ಫ್ ಹೊಡೆಯುವಾಗಲೋ ಕಟ್ ಆಗಿದ್ದರೆ ಉಳಿದಿರುವ ಸಾಧ್ಯತೆ ಇದೆ. ಹೆದ್ದಾರಿಯ ವೇಗದಲ್ಲಿ ಕಟ್ ಆಗಿದ್ದರೆ ಆಸೆ ಕಡಿಮೆ. ಆದರೂ ಪರೀಕ್ಷೆ ಮಾಡದೆ "ಹೋಗಿದೆ" ಎಂದು ಯಾರೂ ಹೇಳಬಾರದು.

ಡೀಸೆಲ್ ಎಂಜಿನ್ ಆದರೆ?

ಡೀಸೆಲ್‌ನಲ್ಲಿ ಪಿಸ್ಟನ್ ಹೆಡ್‌ಗೆ ತೀರಾ ಹತ್ತಿರ ಬರುತ್ತದೆ, ವಾಲ್ವ್‌ಗೆ ಜಾಗವೇ ಇರುವುದಿಲ್ಲ. ಡಿಕ್ಕಿ ಹೆಚ್ಚುಕಡಿಮೆ ಖಚಿತ. ಆದರೆ ಬಹಳ ಡೀಸೆಲ್‌ಗಳಲ್ಲಿ ವಾಲ್ವ್ ನೇರವಾಗಿ ನಿಂತಿರುವುದರಿಂದ ಏಟು ನೆಟ್ಟಗೆ ಬೀಳುತ್ತದೆ. ಕೆಲವು ಎಂಜಿನ್‌ಗಳಲ್ಲಿ ಆ ಏಟಿಗೆ ಮೇಲಿರುವ ರಾಕರ್ ಮುರಿದು ವಾಲ್ವ್ ಉಳಿಯುತ್ತದೆ. ಹಾಗಾಗಿ ಮೊದಲು ಕ್ಯಾಮ್ ಕವರ್ ತೆಗೆದು ರಾಕರ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಕ್ಯಾಮ್ ಮುರಿದಿದೆಯಾ ಎಂದೂ ನೋಡಿ, ಡೀಸೆಲ್‌ನಲ್ಲಿ ಅದೂ ಆಗುವುದುಂಟು. ಬಹಳ ಡೀಸೆಲ್‌ಗಳಲ್ಲಿ ಹೈ ಪ್ರೆಷರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತದೆ.

ಹೆಡ್ ಬಿಚ್ಚದೆ ವಾಲ್ವ್ ಬಾಗಿದೆಯಾ ಎಂದು ತಿಳಿಯುವುದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಮೊದಲನೆಯದು, ಪಿಸ್ಟನ್‌ಗಳನ್ನು ಅಪಾಯದ ಜಾಗದಿಂದ ಸರಿಸುವುದು. ಸಾಲಾಗಿ ನಾಲ್ಕು ಸಿಲಿಂಡರ್ ಇರುವ ಎಂಜಿನ್‌ನಲ್ಲಿ 1 ಮತ್ತು 4 ಮೇಲಿದ್ದಾಗ 2 ಮತ್ತು 3 ಕೆಳಗಿರುತ್ತವೆ. ಅಲ್ಲಿಂದ ಕ್ರ್ಯಾಂಕನ್ನು 90 ಡಿಗ್ರಿ ತಿರುಗಿಸಿದರೆ ನಾಲ್ಕೂ ಪಿಸ್ಟನ್ ನಡುಮಧ್ಯಕ್ಕೆ ಬರುತ್ತವೆ. ಪ್ಲಗ್ ತೂತಿನಲ್ಲಿ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಇಳಿಸಿದರೆ ಪಿಸ್ಟನ್ ಎಲ್ಲಿದೆ ಎಂದು ಗೊತ್ತಾಗುತ್ತದೆ. ತಿರುಗಿಸುವಾಗ ತಾಗಿದರೆ ಹಿಂದಕ್ಕೆ ಬನ್ನಿ. ಈಗ ಕ್ಯಾಮ್ ಎತ್ತ ತಿರುಗಿದರೂ ವಾಲ್ವ್ ಪಿಸ್ಟನ್‌ಗೆ ತಾಗುವುದಿಲ್ಲ.

ಎರಡನೆಯದು, ಕ್ಯಾಮ್ ಕವರ್ ತೆಗೆದು ಬರಿಗಣ್ಣಿನಿಂದ ನೋಡುವುದು. ಬಾಗಿದ ವಾಲ್ವ್ ತನ್ನ ಸೀಟಿಗೆ ಪೂರ್ತಿ ವಾಪಸ್ ಬರುವುದಿಲ್ಲ. ಅಂದರೆ ಮೇಲಿನಿಂದ ನೋಡಿದರೆ ಅದು ಪಕ್ಕದ ವಾಲ್ವ್‌ಗಳಿಗಿಂತ ಒಂದು ಎಳೆ ಕೆಳಗೆ ಕೂತಿರುತ್ತದೆ. ಕ್ಯಾಮ್‌ನ ಉಬ್ಬು ಆ ವಾಲ್ವ್ ಒತ್ತದ ಜಾಗಕ್ಕೆ ತಂದು ಫೀಲರ್ ಗೇಜ್ (ಸಂದು ಅಳೆಯುವ ತೆಳುವಾದ ಪಟ್ಟಿ) ತೂರಿಸಿ. ಉಳಿದವುಗಳಲ್ಲಿ ಸರಿಯಾದ ಸಂದು, ಇದೊಂದರಲ್ಲಿ ಗೇಜ್ ಸಲೀಸಾಗಿ ಓಡಾಡಿದರೆ ಅದು ಬಾಗಿದೆ. ಕ್ಯಾಮ್ ತಿರುಗಿಸುವಾಗ ಹುಷಾರು. ವಾಲ್ವ್ ಸ್ಪ್ರಿಂಗ್ ಒತ್ತಡಕ್ಕೆ ಅದು ಥಟ್ಟನೆ ಮುಂದಕ್ಕೆ ಹಾರುತ್ತದೆ, ಬೆರಳು ನಡುವೆ ಇರಬಾರದು.

ಮೂರನೆಯದು, ಗಾಳಿ ಬಿಟ್ಟು ನೋಡುವುದು. ಇದಕ್ಕೆ ಲೀಕ್‌ಡೌನ್ ಟೆಸ್ಟ್ ಎನ್ನುತ್ತಾರೆ. ಒಂದು ಸಿಲಿಂಡರ್‌ನ ಎಲ್ಲ ವಾಲ್ವ್ ಮುಚ್ಚುವಂತೆ ಕ್ಯಾಮ್ ತಿರುಗಿಸಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಿ. ಪಿಸ್ಟನ್ ನಡುವೆ ಇರುವುದರಿಂದ ಗಾಳಿ ಅದನ್ನು ಕೆಳಗೆ ತಳ್ಳುತ್ತದೆ. ಅದಕ್ಕೇ ಕಡಿಮೆ ಒತ್ತಡದಲ್ಲೇ ಶುರು ಮಾಡಿ, ಗೇರ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ, ಕ್ರ್ಯಾಂಕ್ ಬೋಲ್ಟ್ ಮೇಲೆ ಪಾನಾ ಬಿಟ್ಟಿರಬೇಡಿ. ಎಂಜಿನ್ ತಿರುಗಿದರೆ ಅದು ಕೈಗೋ ಮುಖಕ್ಕೋ ಬಡಿಯುತ್ತದೆ.

ಈಗ ಗಾಳಿ ಎಲ್ಲಿಂದ ಹೊರಬರುತ್ತಿದೆ ಎಂದು ಕೇಳಿ. ಥ್ರಾಟಲ್ ಬಾಯಿಯಲ್ಲಿ "ಸುಸ್ಸ್" ಎಂದರೆ ಇಂಟೇಕ್ ವಾಲ್ವ್. ಸೈಲೆನ್ಸರ್ ಬಾಯಿಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಮುಚ್ಚಳದ ಕಡೆ ಸ್ವಲ್ಪ ಬರುವುದು ಸಹಜ, ರಿಂಗ್ ಸಂದಿನಿಂದ ಒಳ್ಳೆಯ ಎಂಜಿನ್‌ನಲ್ಲೂ ಅಷ್ಟು ಸೋರುತ್ತದೆ. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಬಾಗಿದ ವಾಲ್ವ್‌ನಲ್ಲಿ ಗಾಳಿ ನಿಲ್ಲುವುದೇ ಇಲ್ಲ, ಪೈಪ್ ಬಿಚ್ಚಿದ ಹಾಗೆ ನುಗ್ಗಿ ಹೋಗುತ್ತದೆ. ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ಕಂಪ್ರೆಷನ್ ಟೆಸ್ಟ್ ಮಾಡಿದರೆ ಸಾಲದಾ?

ಬೆಲ್ಟ್ ಇಲ್ಲದೆ ಕಂಪ್ರೆಷನ್ ಟೆಸ್ಟ್ ಮಾಡಿ ಪ್ರಯೋಜನ ಇಲ್ಲ. ವಾಲ್ವ್‌ಗಳೇ ಆಡುತ್ತಿಲ್ಲ, ಗೇಜ್ ಏನು ತೋರಿಸಿದರೂ ಅರ್ಥವಿಲ್ಲ, ಮೇಲಾಗಿ ಸೆಲ್ಫ್ ಹೊಡೆಯಬೇಕು. ಬೆಲ್ಟ್ ಹಾಕಿ ಟೈಮಿಂಗ್ ಸರಿ ಮಾಡಿದ ಮೇಲೆ ಮಾಡಿ. ಎಲ್ಲ ಪ್ಲಗ್ ತೆಗೆದು, ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ಸಿಗುತ್ತದೆ. ಬಾಗಿದ ವಾಲ್ವ್ ಇರುವ ಸಿಲಿಂಡರ್‌ನಲ್ಲಿ ಮುಳ್ಳು ಸೊನ್ನೆಯ ಹತ್ತಿರವೇ ಉಳಿಯುತ್ತದೆ. ನಾಲ್ಕರಲ್ಲೂ ಒಂದೇ ಸಮನಾಗಿ ಕಡಿಮೆ ಇದ್ದರೆ ವಾಲ್ವ್‌ಗಿಂತ ಮೊದಲು ಟೈಮಿಂಗ್ ಮೇಲೆ ಅನುಮಾನ ಪಡಿ. ಡೀಸೆಲ್‌ಗೆ ಇದೇ ಗೇಜ್ ಬಳಸಬೇಡಿ, ಅಲ್ಲಿ ಒತ್ತಡ ಇದರ ಎರಡರಷ್ಟಿರುತ್ತದೆ.

ಬೋರೋಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿದರೆ?

ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರಾಕಾರದ ಹೊಳೆಯುವ ಹೊಸ ಗುರುತು ಕಂಡರೆ ಡಿಕ್ಕಿ ಆಗಿದೆ. ಗುರುತು ಕಾಣಲಿಲ್ಲ ಎಂದರೆ ಆಗಿಲ್ಲ ಎಂದು ಹೇಳಲಾಗದು. ಸಣ್ಣ ಏಟಿಗೆ ಕಾರ್ಬನ್ ಪದರದ ಮೇಲೆ ಗುರುತು ಕಾಣುವುದಿಲ್ಲ, ವಾಲ್ವ್ ಬಾಗಿರುತ್ತದೆ. ಗಾಳಿ ಪರೀಕ್ಷೆಯೇ ಹೆಚ್ಚು ನಂಬಿಕೆಯದ್ದು.

"ಹೊಸ ಬೆಲ್ಟ್ ಹಾಕಿ ನೋಡೋಣ, ಸ್ಟಾರ್ಟ್ ಆದರೆ ಆಯಿತು" ಎನ್ನುತ್ತಾರೆ. ಒಪ್ಪಬಹುದಾ?

ಕ್ರಮವಾಗಿ ಮಾಡಿದರೆ ಒಪ್ಪಬಹುದು. ಪಿಸ್ಟನ್‌ಗಳನ್ನು ನಡುವೆ ತಂದು, ಕ್ಯಾಮನ್ನು ಗುರುತಿಗೆ ಹೊಂದಿಸಿ, ಆಮೇಲೆ ಕ್ರ್ಯಾಂಕನ್ನು ಅದರ ಗುರುತಿಗೆ ತಂದು ಬೆಲ್ಟ್ ಹಾಕಬೇಕು. ನಂತರ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲೂ ತಾಗಬಾರದು, ಗುರುತುಗಳು ಮತ್ತೆ ಕೂಡಬೇಕು. ಆಮೇಲೆ ಕಂಪ್ರೆಷನ್ ನೋಡಬೇಕು. ಅದು ಸರಿ ಇದ್ದರೆ ಮಾತ್ರ ಸ್ಟಾರ್ಟ್ ಮಾಡುವ ಮಾತು.

ಒಂದು ಕಂಪ್ರೆಷನ್ ಇಲ್ಲದ ಸಿಲಿಂಡರ್ ಇಟ್ಟುಕೊಂಡೂ ನಾಲ್ಕು ಸಿಲಿಂಡರ್‌ನ ಎಂಜಿನ್ ಸ್ಟಾರ್ಟ್ ಆಗುತ್ತದೆ, ನಡುಗುತ್ತಾ ಓಡುತ್ತದೆ. "ಸ್ಟಾರ್ಟ್ ಆಯಿತಲ್ಲ, ಓಡಿಸಿ ಸರಿಹೋಗುತ್ತದೆ" ಎಂದರೆ ನಂಬಬೇಡಿ. ಬಾಗಿದ ವಾಲ್ವ್ ಓಡಿಸಿದರೆ ನೆಟ್ಟಗಾಗುವುದಿಲ್ಲ. ಅದರ ತಲೆ ತುಂಡಾಗಿ ಸಿಲಿಂಡರ್ ಒಳಗೆ ಬಿದ್ದರೆ ಪಿಸ್ಟನ್, ಹೆಡ್ ಎರಡೂ ಹೋಗುತ್ತವೆ.

ಹೊಸ ಬೆಲ್ಟ್ ಹಾಕಿ, ಕಂಪ್ರೆಷನ್ ಸರಿ ಇದ್ದೂ ಸ್ಟಾರ್ಟ್ ಆಗುತ್ತಿಲ್ಲ. ಎಲ್ಲಿ ಹುಡುಕಲಿ?

ಕೆಲಸ ಮಾಡುವಾಗ ಕೈ ಎಲ್ಲೆಲ್ಲಿ ಹೋಗಿತ್ತೋ ಅಲ್ಲಿಂದಲೇ ಶುರು ಮಾಡಿ. ಕ್ರ್ಯಾಂಕ್ ಸೆನ್ಸರ್ ವೈರ್ ಬಹಳ ಎಂಜಿನ್‌ಗಳಲ್ಲಿ ಕೆಳಗಿನ ಕವರ್ ಪಕ್ಕದಲ್ಲೇ ಹಾದುಹೋಗುತ್ತದೆ. ಕವರ್‌ಗೆ ಸಿಕ್ಕಿ ಜಜ್ಜಿರಬಹುದು, ಕನೆಕ್ಟರ್ ಹಾಕಲು ಮರೆತಿರಬಹುದು. ಕಾಯಿಲ್ ಕನೆಕ್ಟರ್, ಎಂಜಿನ್ ಅರ್ಥ್ ವೈರ್ ಇವನ್ನೂ ನೋಡಿ.

ಆಮೇಲೆ ಗುರುತುಗಳು. ಕೆಲವು ಪುಲ್ಲಿಗಳ ಮೇಲೆ ಒಂದಕ್ಕಿಂತ ಜಾಸ್ತಿ ಗುರುತಿರುತ್ತವೆ. ಬೇರೆ ಎಂಜಿನ್‌ಗಾಗಿ ಇರುವ ಗುರುತಿಗೆ ಹೊಂದಿಸಿಬಿಟ್ಟರೆ ಎಲ್ಲ ಸರಿ ಇದ್ದಂತೆ ಕಂಡು ಟೈಮಿಂಗ್ ತಪ್ಪಿರುತ್ತದೆ. ಹೊಸ ಬೆಲ್ಟ್ ಮೇಲಿನ ಬಿಳಿ ಗೆರೆ ಎರಡು ಸುತ್ತಿನ ನಂತರ ಮತ್ತೆ ಅದೇ ಜಾಗಕ್ಕೆ ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಪುಲ್ಲಿಯ ಗುರುತು ಮಾತ್ರ ನೋಡಿ.

ಹತ್ತಾರು ಸಲ ಸೆಲ್ಫ್ ಹೊಡೆದಿದ್ದರೆ ಪ್ಲಗ್‌ಗಳು ಪೆಟ್ರೋಲ್‌ನಲ್ಲಿ ನೆನೆದಿರುತ್ತವೆ, ಒಣಗಿಸಿ ಹಾಕಿ. ಬ್ಯಾಟರಿ ಕುಗ್ಗಿರುತ್ತದೆ, ಚಾರ್ಜ್ ಮಾಡಿ. ಡೀಸೆಲ್‌ನಲ್ಲಿ ಪೈಪ್ ಬಿಚ್ಚಿದ್ದರೆ ಗಾಳಿ ಸೇರಿಕೊಂಡಿರುತ್ತದೆ, ಅದನ್ನು ಹೊರಹಾಕಬೇಕು. ಹೈಡ್ರಾಲಿಕ್ ಲಿಫ್ಟರ್ (ಆಯಿಲ್ ಒತ್ತಡದಿಂದ ವಾಲ್ವ್ ಸಂದನ್ನು ತಾನೇ ಸರಿಮಾಡಿಕೊಳ್ಳುವ ಭಾಗ) ಇರುವ ಎಂಜಿನ್‌ನಲ್ಲಿ ಹೊಸ ಲಿಫ್ಟರ್ ಹಾಕಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಎಂಜಿನ್ ತಿರುಗಿಸಿ. ಆಯಿಲ್ ತುಂಬಿ ಉಬ್ಬಿದ ಲಿಫ್ಟರ್ ವಾಲ್ವನ್ನು ತುಸು ತೆರೆದೇ ಹಿಡಿದಿರುತ್ತದೆ.

ಹೆಡ್ ಇಳಿಸಲೇಬೇಕಾದರೆ ಏನೇನು ಕೇಳಿ ಮಾಡಿಸಲಿ?

ಬಾಗಿದ ವಾಲ್ವ್ ಹೊಸದಾಗಬೇಕು. ಅದರ ಕಡ್ಡಿ ಆಡುವ ಕೊಳವೆ, ಅಂದರೆ ಗೈಡ್, ಬಿರುಕು ಬಿಟ್ಟಿದೆಯಾ, ಸಡಿಲವಾಗಿದೆಯಾ ಎಂದು ನೋಡಬೇಕು. ವಾಲ್ವ್ ಗ್ರೈಂಡಿಂಗ್ ಆದ ಮೇಲೆ ಹೆಡ್ ತಲೆಕೆಳಗು ಇಟ್ಟು ವಾಲ್ವ್ ಮೇಲೆ ಪೆಟ್ರೋಲ್ ಅಥವಾ ಸೀಮೆಎಣ್ಣೆ ಸುರಿದು ಸೋರುತ್ತದಾ ಎಂದು ನಿಮ್ಮೆದುರೇ ತೋರಿಸಲು ಹೇಳಿ. ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ಸ್ಟೆಮ್ ಸೀಲ್‌ಗಳೆಲ್ಲ ಹೊಸದು. ಪಿಸ್ಟನ್ ತಲೆಯಲ್ಲಿ ಬರೀ ಗೀರಿದ್ದರೆ ಪರವಾಗಿಲ್ಲ, ಬಿರುಕಿದ್ದರೆ ಬದಲಿಸಬೇಕು. ಬಹಳ ಎಂಜಿನ್‌ಗಳಲ್ಲಿ ಹೆಡ್ ಬೋಲ್ಟ್‌ಗಳು ಒಂದೇ ಸಲದ ಬಳಕೆಗೆ. ಬಿಗಿ ಮಾಡುವಾಗ ಅವು ಹಿಗ್ಗಿರುತ್ತವೆ, ಮತ್ತೆ ಹಾಕಬಾರದು.

ಒಂದೇ ವಾಲ್ವ್ ಬಾಗಿದೆ. ಅದೊಂದನ್ನೇ ಹಾಕಿದರೆ ಸಾಕಾ?

ಪರೀಕ್ಷೆಯಲ್ಲಿ ಉಳಿದವು ನೆಟ್ಟಗಿದ್ದರೆ ಸಾಕು. ಕಣ್ಣಂದಾಜು ಬೇಡ, ಪ್ರತಿಯೊಂದನ್ನೂ ತಿರುಗಿಸಿ ಡಯಲ್ ಗೇಜ್‌ನಲ್ಲಿ ನೋಡಲಿ.

ಎಷ್ಟು ಕಿಲೋಮೀಟರ್‌ಗೆ ಬೆಲ್ಟ್ ಬದಲಿಸಬೇಕು?

ಕಾರಿನ ಪುಸ್ತಕ ಹೇಳಿದಷ್ಟಕ್ಕೆ. ಹಳೆಯ ಎಂಜಿನ್‌ಗಳಲ್ಲಿ 60,000 ಕಿಲೋಮೀಟರ್ ಸಾಮಾನ್ಯವಾಗಿತ್ತು, ಈಚಿನ ಬಹಳಷ್ಟು ಎಂಜಿನ್‌ಗಳಲ್ಲಿ ಲಕ್ಷ ದಾಟುತ್ತದೆ. ಜೊತೆಗೆ ವರ್ಷದ ಮಿತಿಯೂ ಇರುತ್ತದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಆಗ. ಕಡಿಮೆ ಓಡಿದ ಕಾರಿನ ರಬ್ಬರ್‌ಗೂ ವಯಸ್ಸಾಗುತ್ತದೆ.

ಆಯಿಲ್‌ನಲ್ಲೇ ಓಡುವ ಬೆಲ್ಟ್ ಅಂತಾರಲ್ಲ, ಅದು ಹೇಗೆ?

ಕೆಲವು ಈಚಿನ ಎಂಜಿನ್‌ಗಳಲ್ಲಿ ಬೆಲ್ಟ್ ಎಂಜಿನ್ ಆಯಿಲ್‌ನಲ್ಲಿ ನೆನೆದೇ ಓಡುತ್ತದೆ. ಅದರ ರಬ್ಬರ್ ಬೇರೆ. ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲ್ ಬಿಟ್ಟು ಬೇರೆ ಹಾಕಿದರೆ, ಆಯಿಲ್ ಬದಲಿಸುವುದನ್ನು ತಡ ಮಾಡಿದರೆ ರಬ್ಬರ್ ಉಬ್ಬಿ ಪುಡಿಪುಡಿಯಾಗಿ ಉದುರುತ್ತದೆ. ಆ ಪುಡಿ ಆಯಿಲ್ ಪಂಪ್‌ನ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಇಂಥ ಎಂಜಿನ್‌ನಲ್ಲಿ ಬೆಲ್ಟ್ ಹೋಗಿದ್ದರೆ ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ಜಾಲರಿ ತೊಳೆಯದೆ ಸ್ಟಾರ್ಟ್ ಮಾಡಬಾರದು.

ಬೆಲ್ಟ್ ಹಾಕಿ ಒಂದೇ ವರ್ಷ ಆಗಿತ್ತು. ಯಾಕೆ ಹೋಯಿತು? ಹಳೆ ಬೆಲ್ಟ್ ಎಸೆಯಬಹುದಾ?

ಎಸೆಯಬೇಡಿ. ಯಾಕೆ ಹೋಯಿತು ಎಂಬುದು ಅದರ ಮೇಲೇ ಬರೆದಿದೆ. ಬೆನ್ನಿನ ಮೇಲೆ ಅಡ್ಡಡ್ಡ ಬಿರುಕು ಬಿದ್ದಿದ್ದರೆ ವಯಸ್ಸು ಮತ್ತು ಬಿಸಿ. ಒಂದು ಅಂಚು ಮಾತ್ರ ನೂಲು ನೂಲಾಗಿ ಕಿತ್ತಿದ್ದರೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಅಥವಾ ದಾರಿ ತೋರಿಸುವ ಐಡ್ಲರ್ ಪುಲ್ಲಿಯ ಬೇರಿಂಗ್ ಸವೆದು ಬೆಲ್ಟ್ ಓರೆಯಾಗಿ ಓಡಿದೆ. ಮುಟ್ಟಿದರೆ ಮೆತ್ತಗೆ, ಜಿಡ್ಡಾಗಿ, ಉಬ್ಬಿಕೊಂಡಿದ್ದರೆ ಕ್ಯಾಮ್ ಸೀಲ್ ಅಥವಾ ಕ್ರ್ಯಾಂಕ್ ಸೀಲ್ ಸೋರಿ ಆಯಿಲ್ ಬಿದ್ದಿದೆ. ನೇರವಾಗಿ ಕತ್ತರಿಸಿದ ಹಾಗೆ ತುಂಡಾಗಿದ್ದರೆ ಹಾಕುವಾಗಲೇ ಯಾರೋ ಅದನ್ನು ಮಡಚಿದ್ದಾರೆ ಅಥವಾ ಸ್ಕ್ರೂ ಡ್ರೈವರ್‌ನಿಂದ ಎತ್ತಿ ಕೂರಿಸಿದ್ದಾರೆ, ಒಳಗಿನ ಗಾಜಿನ ನಾರು ಆಗಲೇ ಮುರಿದಿರಬಹುದು. ಹೊರಗಿನ ಆಲ್ಟರ್ನೇಟರ್ ಬೆಲ್ಟ್ ಹರಿದು ಅದರ ನೂಲು ಕ್ರ್ಯಾಂಕ್ ಪುಲ್ಲಿಯ ಹಿಂದಿನಿಂದ ಒಳಗೆ ಸೇರಿ ಟೈಮಿಂಗ್ ಬೆಲ್ಟನ್ನು ಜಿಗಿಸುವುದೂ ಉಂಟು. ಕವರ್ ಒಳಗೆ ಬೇರೆ ಬಣ್ಣದ ನೂಲು ಸಿಕ್ಕಿದರೆ ಅದೇ.

ಹಲ್ಲು ಸಾಲಾಗಿ ಕಿತ್ತುಬಂದಿದ್ದರೆ ಏನೋ ಒಂದು ಬಿಗಿ ಹಿಡಿದಿದೆ. ಬಹಳ ಎಂಜಿನ್‌ಗಳಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತದೆ, ಮೊದಲು ಅದನ್ನು ನೋಡಿ. ನಾನು ಮೇಲೆ ಹೇಳಿದ ಆ ಬೋಳು ಬೆಲ್ಟಿನ ಕಾರಿನಲ್ಲಿ ಹೊಸ ಬೆಲ್ಟ್ ಕೈಯಲ್ಲಿ ಹಿಡಿದು ನಿಂತಿದ್ದಾಗ ಸುಮ್ನೆ ವಾಟರ್ ಪಂಪ್ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿದೆ. ಅರ್ಧ ಸುತ್ತು ಹೋಯಿತು, "ಕರ್ರ್" ಎಂದಿತು, ನಿಂತಿತು. ಕೆಳಗೆ ಕೂಲಂಟ್ ಒಣಗಿದ ಬಿಳಿ ಕಲೆ ಇತ್ತು. ಆ ಪಂಪ್ ಬಿಟ್ಟು ಬೆಲ್ಟ್ ಹಾಕಿದ್ದರೆ ಅದೇ ಹಲ್ಲುಗಳು ಇನ್ನೊಮ್ಮೆ ಅಂಗೈಗೆ ಬರುತ್ತಿದ್ದವು.